ದವಾವೊದ ಕಪ್ಪು ಸಾರು

2026ರ ಜನವರಿ 18, ಭಾನುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಬೈರಾಪಟ್ಟಣದ ನಮ್ಮ ಮನೆಯ ಹಿತ್ತಲಲ್ಲಿ ಇದ್ದಿಲ ಒಲೆ ಹದವಾಗಿ ಕೆಂಡವಾಗಿತ್ತು. ತೆಂಗಿನಕಾಯಿಯ ಒಂದು ಹೋಳನ್ನು ಕರಟದ ಸಮೇತ ಅದರ ಮೇಲೆ ಬೋರಲು ಹಾಕಿದೆ. ಅದು ಕೆಂಪಗಾದರೆ ಸಾಲದು, ಪೂರ್ತಿ ಕಪ್ಪಾಗಬೇಕಿತ್ತು. ಆ ಕಪ್ಪನ್ನು ಅರೆದು ಮಾಡುವ ಸಾರನ್ನು ನಾನು ಉಂಡದ್ದು ಫಿಲಿಪ್ಪೀನ್ಸಿನ ದಕ್ಷಿಣದಲ್ಲಿರುವ ದವಾವೊ ಎಂಬ ಊರಿನಲ್ಲಿ. ಈಗ ಅದನ್ನು ಮಾಡಲು ಹೊರಟದ್ದು ಅವ್ವನಿಗಾಗಿ. ಅವ್ವ ಉಣ್ಣುವುದನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ದಳು.

ಹೋದ ವರ್ಷದ ಸಂಕ್ರಾಂತಿಗೆ ಸ್ವಲ್ಪ ಮೊದಲು ಅವಳಿಗೆ ಜ್ವರ, ನೆಗಡಿ ಬಂದಿತ್ತು. ಜ್ವರ ವಾರದೊಳಗೆ ಇಳಿಯಿತು. ಹೋಗುವಾಗ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಮೂಗಿನ ಮೇಲ್ಭಾಗದ ನರಗಳಿಗೆ ಪೆಟ್ಟಾಗಿದೆ, ಮತ್ತೆ ಚಿಗುರಬಹುದು, ಯಾವಾಗ ಎಂದು ಹೇಳಲಾಗದು ಎಂದರು ಡಾಕ್ಟರು. ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಉಪ್ಪು, ಹುಳಿ, ಸಿಹಿ, ಕಹಿ ಇಂಥ ಕೆಲವನ್ನಷ್ಟೇ ನಾಲಿಗೆ ಬಲ್ಲದು, ನಾವು ರುಚಿ ಎನ್ನುವ ಉಳಿದದ್ದೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಆವಿ ಎಂದು ಅವ್ವನಿಗೆ ತಿಳಿಸಿ ಹೇಳಿದೆ. ಅವಳು ಗಮನವಿಟ್ಟು ಕೇಳಿ, "ಅಂಗಾರೆ ಇಷ್ಟು ವರ್ಸ ನಾನು ಮೂಗ್ನಲ್ಲೇ ಉಣ್ತಿದ್ದೆ ಅನ್ನು" ಎಂದಳು.

ಅದು ನಿಜವೇ ಆಗಿತ್ತು. ಹೊಲದ ಬದುವಿನಲ್ಲಿ ನಿಂತು, ಯಾವ ಮನೆಯಲ್ಲಿ ಯಾವ ಸಾರಿಗೆ ಒಗ್ಗರಣೆ ಬಿತ್ತು ಎಂದು ಹೇಳುತ್ತಿದ್ದವಳು ಅವಳು. ಅಂಥವಳ ಮುಂದೆ ಎರಡು ಅವರೆಕಾಯಿ ಕಾಲಗಳು ಸೊಗಡೇ ಇಲ್ಲದೆ ಬಂದವು. ತಟ್ಟೆಯ ಮುಂದೆ ಕೂತು ಎರಡು ತುತ್ತು ನುಂಗಿ ಎದ್ದುಬಿಡುತ್ತಿದ್ದಳು. ಅವಳ ರವಿಕೆಗಳನ್ನು ಎರಡು ಸಲ ಹಿಡಿಸಿದ್ದಾಯಿತು. ಸಾರು ಈಗಲೂ ಮಾಡುತ್ತಿದ್ದಳು, ಆದರೆ ರುಚಿ ನೋಡಲು ಸೌಟನ್ನು ಅಪ್ಪನ ಕಡೆ ಚಾಚುತ್ತಿದ್ದಳು. ನನಗೆ ಹೆಚ್ಚು ಕಷ್ಟವಾಗುತ್ತಿದ್ದುದು ಆ ಚಾಚಿದ ಕೈಯನ್ನು ನೋಡುವುದು.

ಫಿಲಿಪ್ಪೀನ್ಸಿಗೂ ಅವಳ ಮೂಗಿಗೂ ಹಳೆಯ ನಂಟು. ನಾನು ಮತ್ತು ನಮ್ಮ ಕಾಲೇಜಿನಲ್ಲೇ ಜೀವಶಾಸ್ತ್ರ ಕಲಿಸುವ ಸಫೂರಾ ಬೇಸಿಗೆ ರಜೆಯಲ್ಲಿ ಆ ದೇಶಕ್ಕೆ ನಾಲ್ಕು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ಹೋದದ್ದು ಬರೀ ಕುತೂಹಲಕ್ಕೆ. ಆಮೇಲೆ ಬೇರೆ ದೇಶದ ಮಾತೇ ಬರಲಿಲ್ಲ. ಉತ್ತರದ ಬನಾವೆಯಲ್ಲಿ ಬೆಟ್ಟದ ನೆತ್ತಿಯಿಂದ ಬುಡದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆಗಳು. ಅಲ್ಲಿಯ ಬದುವಿನ ಮೇಲೆ ನಡೆಯುವಾಗ ಸಫೂರಾ ನನ್ನ ಭುಜ ಹಿಡಿದುಕೊಳ್ಳುತ್ತಿದ್ದಳು. ನನಗೆ ಕಾಲೇ ದಾರಿ ಹೇಳುತ್ತಿತ್ತು. ಬೊಹೊಲ್ ದ್ವೀಪದಲ್ಲಿ ಸಾವಿರಕ್ಕೂ ಹೆಚ್ಚು ದುಂಡನೆಯ ಗುಡ್ಡಗಳಿವೆ. ಬೇಸಿಗೆಯಲ್ಲಿ ಅವುಗಳ ಮೇಲಿನ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿ ಸಫೂರಾ, ನಿಮ್ಮಪ್ಪ ಇಲ್ಲಿ ನಿಂತಿದ್ದರೆ ಇಷ್ಟೊಂದು ರಾಗಿ ಮೆದೆ ಯಾವ ಗೌಡರದು ಎಂದು ವಿಚಾರಿಸುತ್ತಿದ್ದರು ಎಂದಳು. ಇಲೊಯ್ಲೊ ಎಂಬ ಊರಲ್ಲಿ ಮೂಳೆ ಬೇಯಿಸಿದ ಬಿಸಿ ಬಿಸಿ ಶ್ಯಾವಿಗೆ ಸಾರು. ಅದರಲ್ಲಿ ಹಂದಿ ಇರುತ್ತದೆಂದು ಸಫೂರಾ ಎದುರಿಗೆ ಬಾಳೆಹಣ್ಣು ಸುಲಿಯುತ್ತ ಕೂತಳು, ನಾನು ಎರಡು ಬಟ್ಟಲು ಕುಡಿದೆ. ಅದೇ ಊರಿನ ಅಕ್ಕಿಹಿಟ್ಟಿನ ಬಿಬಿಂಕಾ ಇಬ್ಬರಿಗೂ ಇಷ್ಟ. ಬಾಳೆಲೆಯ ಮೇಲೆ ಹಿಟ್ಟು ಹೊಯ್ದು, ಕೆಳಗೂ ಕೆಂಡ, ಮೇಲೂ ಕೆಂಡ ಇಟ್ಟು ಬೇಯಿಸುತ್ತಾರೆ. ಎಲೆಯ ಅಂಚು ಸುಟ್ಟು ಹಿಟ್ಟಿಗೆ ಅಂಟಿಕೊಂಡಿರುವ ಕಡೆಯೇ ಅದರ ಅತ್ಯುತ್ತಮ ಭಾಗ ಎಂಬುದು ನನ್ನ ಅಭಿಪ್ರಾಯ.

ಪ್ರತಿ ಸಲ ಹಿಂತಿರುಗಿದಾಗಲೂ ನಾನು ಮೈತೊಳೆಯುವ ಮೊದಲೇ ಅವ್ವ ನನ್ನ ಬ್ಯಾಗು ಬಿಚ್ಚಿ ಅದರೊಳಗೆ ಮುಖ ಇಡುತ್ತಿದ್ದಳು. ಫೋಟೋಗಳನ್ನು ಆಮೇಲೆ ನೋಡುತ್ತಿದ್ದಳು, ಅದೂ ಮರ್ಯಾದೆಗೆ. "ಈ ಸಲ ಸಮುದ್ರದ್ ಪಕ್ಕ ಇದ್ರಿ", "ಇದ್ಯಾರೋ ಸೌದೆ ಒಲೆ ಮನೆ" ಎಂದು ಅವಳೇ ಹೇಳುತ್ತಿದ್ದಳು. ಒಂದು ಸಲ ದವಾವೊದಿಂದ ಡುರಿಯನ್ ಹಣ್ಣಿನ ಮಿಠಾಯಿ ತಂದಿದ್ದೆ. ಹಲಸಿನ ದೊಡ್ಡಣ್ಣನಂಥ ಆ ಹಣ್ಣಿನ ನಾತಕ್ಕೆ ಅಪ್ಪ ಬ್ಯಾಗನ್ನು ಕೊಟ್ಟಿಗೆಗೆ ಸಾಗಿಸಿದ. ಹಸು ಅದನ್ನು ಮೂಸಿ ಹಿಂದೆ ಸರಿಯಿತು. ಅವ್ವ ಮಾತ್ರ ಅಲ್ಲಿಗೇ ಹೋಗಿ ಕೂತು ಮೂರು ಮಿಠಾಯಿ ತಿಂದು ಬಂದು, ಮುಂದಿನ ಸಲ ತಾನೂ ಬರುವುದಾಗಿ ಹೇಳಿದಳು. ಪಾಸ್‌ಪೋರ್ಟ್ ಮಾಡಿಸಿದೆವು. ಅದು ಅಂಚೆಯಲ್ಲಿ ಬಂದ ತಿಂಗಳೇ ಜ್ವರವೂ ಬಂತು.

ಆಮೇಲೆ ಆ ಪಾಸ್‌ಪೋರ್ಟ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಗೆ ಹೋಯಿತು. ನಾನು ಹೊರಡುವ ಮಾತೆತ್ತಿದಾಗೆಲ್ಲ ಅವಳದು ಒಂದೇ ಉತ್ತರ. "ಮೂಗಿಲ್ದೋಳು ಅಷ್ಟು ದೂರ ಓಗಿ ಏನ್ ತಿನ್ಲಿ? ಫೋಟೋ ತಿನ್ಲಾ?"

ನನಗೆ ತಿಳಿದ ದಾರಿಗಳನ್ನೆಲ್ಲ ಹಿಡಿದು ನೋಡಿದ್ದೆ. ಲವಂಗ, ನಿಂಬೆ ಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ ಇವನ್ನು ನಾಲ್ಕು ಪುಟ್ಟ ಸೀಸೆಗಳಲ್ಲಿ ಹಾಕಿ ಬೆಳಿಗ್ಗೆ, ಸಂಜೆ ಮೂಸಿಸುತ್ತಿದ್ದೆ. ಹೀಗೆ ಪಳಗಿಸಿದರೆ ಕೆಲವರಲ್ಲಿ ನರ ಬೇಗ ಎಚ್ಚರಾಗುತ್ತದೆ. ಮಳೆಗಾಲ ಮುಗಿಯುವವರೆಗೆ ಅವ್ವ ತಪ್ಪದೆ ಮೂಸಿದಳು. ಒಂದು ಸಂಜೆ ಸೀಸೆಗಳನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಯಾರೂ ಇಲ್ದಿರೋ ಮನೆ ಬಾಗ್ಲ ದಿನಾ ಎಲ್ಲಿಗಂಟ ತಟ್ಲಿ, ಭಾನು? ಬುಟ್ಬುಡು" ಎಂದಳು. ಅದಾದ ಮೇಲೆ ನಾನು ನಾಲಿಗೆಯ ಕಡೆ ತಿರುಗಿದೆ. ಫಿಲಿಪ್ಪೀನ್ಸಿನ ಸಿನಿಗಾಂಗ್ ಎಂಬ ಸಾರಿಗೆ ಹಸಿ ಹುಣಸೆಕಾಯಿಯೇ ಜೀವ. ಮೂಗು ಸತ್ತರೂ ಹುಳಿ ಗೊತ್ತಾಗುತ್ತದಲ್ಲ ಎಂದು ಅದನ್ನು ಮಾಡಿ ಬಡಿಸಿದೆ. ಹುಣಸೆ ಸಾರು ಕಲಿಯಲು ಸಮುದ್ರ ದಾಟಿದವಳು ನೀನೊಬ್ಬಳೇ ಎಂದು ಅಪ್ಪ ನಕ್ಕ. ಅವ್ವ ಅರ್ಧ ಬಟ್ಟಲು ಕುಡಿದು ಕೆಳಗಿಟ್ಟಳು. "ಉಳಿ ಐತೆ" ಎಂದಳು. ಬಟ್ಟಲನ್ನು ಅತ್ತ ಸರಿಸಿ, "ಅದ್ರ ಇಂದೆ ಏನೂ ಇಲ್ಲ" ಎಂದಳು.

ಕಪ್ಪು ಸಾರನ್ನು ನೆನಪಿಸಿದವಳು ಸಫೂರಾ. ದವಾವೊದಲ್ಲಿ ಅವಳಿಗಾಗಿ ಹಲಾಲ್ ಊಟ ಹುಡುಕುತ್ತ ಹೋಗಿ, ಮಸೀದಿಯ ಹತ್ತಿರದ ಒಂದು ಸಣ್ಣ ಹೋಟೆಲಿಗೆ ತಲುಪಿದ್ದೆವು. ಅಲ್ಲಿ ಒಬ್ಬ ಮುದುಕಿ ತೆಂಗಿನಕಾಯಿಯನ್ನು ಉರಿ ಹತ್ತುವಷ್ಟು ಸುಟ್ಟು, ಅದನ್ನು ಶುಂಠಿ, ಅರಿಸಿನ, ನಿಂಬೆಹುಲ್ಲು, ಮೆಣಸಿನಕಾಯಿ ಜೊತೆ ಅರೆದು ಮಾಂಸದ ಸಾರಿಗೆ ಬೆರೆಸುತ್ತಿದ್ದಳು. ಬಟ್ಟಲಿನಲ್ಲಿ ಮಸಿಯಂತೆ ಕಂಡ ಆ ಸಾರು ನಾಲ್ಕು ಪ್ರವಾಸಗಳಲ್ಲಿ ನಾನು ಉಂಡ ಅತ್ಯುತ್ತಮ ಊಟ. ನನ್ನ ಲೆಕ್ಕಾಚಾರ ಹೀಗಿತ್ತು: ಸುಟ್ಟದ್ದರ ಕಹಿ ನಾಲಿಗೆಯ ಪಾಲು. ಖಾರ ಮತ್ತು ಶುಂಠಿಯ ಚುರುಕು ಹೋಗುವುದು ವಾಸನೆಯ ನರದಲ್ಲಲ್ಲ, ಬೇರೆ ನರದಲ್ಲಿ. ಎರಡೂ ಸೇರಿದರೆ ಹುಳಿಯ ಹಿಂದೆ ಇಲ್ಲದ ಆ 'ಏನೋ' ಒಂದಿಷ್ಟು ಸಿಗಬಹುದು. ಮೂಗನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹೀಗೆ ಆ ಭಾನುವಾರ ಕೆಂಡದ ಮೇಲೆ ಕಾಯಿ ಇಟ್ಟದ್ದು. ಅಪ್ಪ ಪಕ್ಕದಲ್ಲೇ ನಾಟಿ ಕೋಳಿ ತೊಳೆಯುತ್ತಿದ್ದ. ಒಲೆಯ ಮೇಲೆ ಒಂದು ಕಣ್ಣಿಟ್ಟು ನನ್ನನ್ನು ಕೆಣಕಿದ. "ಅಲ್ಲ ಕಣವ್ವ, ಅಡ್ಗೆ ಸುಟ್ಟು ಕರೀ ಮಾಡೋದ್ ಕಲಿಯಾಕೆ ಇಮಾನ ಅತ್ಬೇಕಿತ್ತಾ? ನಿಮ್ಮಜ್ಜಿ ಇದ್ದಿದ್ರೆ ಮನೇಲೇ ಯೋಳ್ಕೊಡೋಳು."

ಅವ್ವ ಇದ್ದದ್ದು ಮನೆಯ ಇನ್ನೊಂದು ಬದಿಯಲ್ಲಿ, ಬೀದಿ ಕಡೆಯ ಜಗಲಿಯ ಮೇಲೆ, ಗೋಡೆಗೆ ಒರಗಿಕೊಂಡು. ನೆನೆಸಿದ ಅವರೆಕಾಳನ್ನು ಬೆರಳಿನಿಂದ ಹಿತುಕಿ ಬೇಳೆ ಬಿಡಿಸುತ್ತಿದ್ದಳು. ನಾನು ಏನು ಮಾಡುತ್ತೇನೆಂದು ಅವಳಿಗೆ ಹೇಳಿರಲಿಲ್ಲ. ಕೋಳಿ ಸಾರು ಎಂದಷ್ಟೇ ಗೊತ್ತಿತ್ತು. ಮುಂಬಾಗಿಲು, ನಡುಮನೆ, ಹಿಂಬಾಗಿಲು ನಮ್ಮಲ್ಲಿ ಒಂದೇ ಸಾಲಿನಲ್ಲಿವೆ. ಆದರೆ ಅವಳು ಕೂತ ಜಾಗದಿಂದ ಹಿತ್ತಲು ಕಾಣುವುದಿಲ್ಲ.

ಕಾಯಿಯ ಅಂಚಿಗೆ ಸಣ್ಣ ಉರಿ ಹತ್ತಿತು. ಎಣ್ಣೆ ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ದಟ್ಟವಾಯಿತು. ಆಗ ಜಗಲಿಯ ಕಡೆಯಿಂದ ಅವ್ವನ ದನಿ ಕೇಳಿತು.

"ಭಾನೂ, ಏನೋ ಸೀಯ್ತಾ ಐತೆ, ನೋಡೇ."

"ಸೀಯ್ಲಿ ಬುಡವ್ವ, ಅದು ಅಂಗೇ ಆಗ್ಬೇಕು" ಎಂದು ನಾನೂ ಕೂಗಿದೆ. ಜ್ವರಕ್ಕೆ ಮೊದಲು ವಾರಕ್ಕೆರಡು ಸಲ ಇದೇ ಮಾತು ನಡೆಯುತ್ತಿದ್ದ ಮನೆ ಅದು. ಹಳೆಯ ರೂಢಿಯಲ್ಲಿ ಬಾಯಿ ಉತ್ತರ ಕೊಟ್ಟಿತು, ತಲೆ ಗಮನಿಸಲಿಲ್ಲ.

ಅವ್ವ ಬಿರುಸಾಗಿ ನಡುಮನೆ ದಾಟಿ ಬಂದಳು. ಉರಿಯುತ್ತಿದ್ದ ಕಾಯಿಯನ್ನು ನೋಡಿದ್ದೇ ನನ್ನ ಕೈಯಿಂದ ಇಕ್ಕಳ ಕಿತ್ತುಕೊಂಡು, ಹೋಳನ್ನು ಎತ್ತಿ ಹಸುವಿನ ಕಲಗಚ್ಚಿನ ಬಾನಿಗೆ ಅದ್ದಿಬಿಟ್ಟಳು. ಸುಂಯ್ ಎಂದು ಆವಿ ಎದ್ದಿತು. "ಓದಿದೋರ್ ಕೈಗೆ ಒಲೆ ಕೊಟ್ರೆ ಇಂಗೇಯ. ಬೀದಿಗಂಟ ಸೀದ್ ವಾಸ್ನೆ ಒಡೀತೈತೆ, ಇಬ್ರೂ ಕಲ್ ಕೂತಂಗೆ ಕೂತಿದ್ದೀರ."

ನನ್ನ ಸಾರು ಬಾನಿಯಲ್ಲಿ ಮುಳುಗಿತು ಎಂದು ಮೊದಲು ಅನ್ನಿಸಿತು. ಅಪ್ಪ ಕೋಳಿಯನ್ನು ಪಾತ್ರೆಯಲ್ಲಿ ಬಿಟ್ಟು ಎದ್ದು ನಿಂತ.

"ಇವ್ಳೇ, ನಿಂಗೆಂಗ್ ಗೊತ್ತಾಯ್ತು?"

"ಏನು?"

"ಸೀಯೋದು."

ಅವ್ವ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಳಿಸಿದಳು. ಇಕ್ಕಳದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೆಲ್ಲಗೆ ಉಸಿರು ಒಳಗೆಳೆದುಕೊಂಡಳು, ಇನ್ನೊಮ್ಮೆ ಎಳೆದುಕೊಂಡಳು. "ಇನ್ನೂ ಐತೆ" ಎಂದಳು, ಜೋರಾಗಿ ಮಾತಾಡಿದರೆ ಹೋಗಿಬಿಡುತ್ತದೇನೋ ಎಂಬಂತೆ.

ನನಗೆ ಕುಣಿಯಬೇಕೆನಿಸಿದ್ದು ನಿಜ. ಆದರೆ ಒಂದು ಸಂಶಯ ಅಡ್ಡ ಬಂತು. ವಾಸನೆ ಕಳೆದುಕೊಂಡ ಕೆಲವರಿಗೆ ಎಲ್ಲೂ ಬೆಂಕಿ ಇಲ್ಲದಿದ್ದರೂ ಸೀದ ವಾಸನೆ ಬಂದಂತೆ ಆಗುವುದುಂಟು. ಅದು ಮೂಗಿನ ಭ್ರಮೆ. ಅವ್ವನಿಗೆ ಬಂದದ್ದೂ ಅದೇ ಆಗಿದ್ದು, ಕೆಂಡದ ಮೇಲೆ ಕಾಯಿ ಇದ್ದದ್ದು ಬರೀ ಕಾಕತಾಳೀಯವಾಗಿದ್ದರೆ? ಇಷ್ಟು ದಿನ ತಡೆದುಕೊಂಡವಳಿಗೆ ಸುಳ್ಳು ಆಸೆ ಕೊಡಲಾರೆ. ಪರೀಕ್ಷೆ ಮಾಡಲೇಬೇಕಿತ್ತು. ಅದನ್ನು ಹೇಳಿದಾಗ ಅವ್ವ ಕೋಪಿಸಿಕೊಳ್ಳಲಿಲ್ಲ. ಅವಳಿಗೂ ನಂಬಿಕೆ ಸಾಲುತ್ತಿರಲಿಲ್ಲವೆಂದು ಕಾಣುತ್ತದೆ.

ಮೊದಲ ಹೊಗೆ ಪೂರ್ತಿ ಚದುರಲಿ ಎಂದು ಕೆಂಡಕ್ಕೆ ಬೂದಿ ಮುಚ್ಚಿ ಕಾದೆವು. ಅವ್ವ ಜಗಲಿಯ ಅದೇ ಜಾಗಕ್ಕೆ ಹೋಗಿ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡಳು. ಕಾಯಿಯ ಇನ್ನೊಂದು ಹೋಳನ್ನು ಅಪ್ಪನ ಕೈಗೆ ಕೊಟ್ಟು, ಬೇಕೆಂದೇ ಸದ್ದು ಮಾಡು, ಬೀಸಣಿಗೆ ಬೀಸು, ನಿನಗೆ ತೋಚಿದ ಹೊತ್ತಿಗೆ ಮಾತ್ರ ಕಾಯಿ ಇಡು ಎಂದು ಹೇಳಿದೆ. ನನ್ನ ಮುಖ ನೋಡಿ ಅವ್ವ ತಿಳಿದುಬಿಡಬಾರದೆಂದು ನಾನು ಬೀದಿಯ ಕಡೆ ತಿರುಗಿ ಕೂತೆ.

ಹಿತ್ತಲಲ್ಲಿ ಇಕ್ಕಳ ಠಣ್ ಎಂದಿತು. ಬೀಸಣಿಗೆ ಬಡಿಯಿತು. ಅಪ್ಪ ಕಾಯಿಗೆ ಉರಿ ಹತ್ತಿ ಹೊಗೆ ಕುಡಿದವನಂತೆ ಕೆಮ್ಮಿದ.

"ನಿಮ್ಮಪ್ಪ ನಾಟ್ಕ ಆಡ್ತಾವ್ರೆ. ಏನೂ ಇಲ್ಲ" ಎಂದಳು ಅವ್ವ.

ಆಮೇಲೆ ಅಲ್ಲಿ ಸದ್ದೇ ನಿಂತಿತು. ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ನನ್ನ ಹಿಂದೆ ಅವರೆಕಾಳು ಹಿತುಕುವ ಪುಸಕ್ ಪುಸಕ್ ಸದ್ದು ಒಂದೇ ಸಮನೆ ನಡೆದಿತ್ತು. ವಾಸನೆ ಮೊದಲು ಬಂದದ್ದು ನನಗೆ. ಉಸಿರು ಬಿಗಿಹಿಡಿದೆ. ಅವ್ವನ ಬೆರಳುಗಳು ನಿಲ್ಲಲಿಲ್ಲ. ಇದಕ್ಕಿಂತ ಹೆಚ್ಚು ಹೊಗೆ ಈ ಕಡೆ ಬರಲಾರದು, ಮೊದಲ ಸಲ ಅವಳಿಗೆ ಬಂದದ್ದು ಭ್ರಮೆಯೇ ಎಂದುಕೊಂಡೆ. ಅವಳಿಗೆ ಏನು ಹೇಳಲಿ ಎಂದು ಮಾತು ಹುಡುಕತೊಡಗಿದೆ.

ಪುಸಕ್ ಸದ್ದು ನಿಂತಿತು.

"ಈಗ" ಎಂದಳು ಅವ್ವ. "ಈಗ ಇಟ್ರು."

ನಾನು ತಿರುಗಿ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತೆರೆದು, ಮಡಿಲಿಗೆ ಬಿದ್ದಿದ್ದ ಒಂದು ಅವರೆಕಾಳಿನ ಸಿಪ್ಪೆಯನ್ನು ಹೊಸಕಿ ಮೂಗಿಗೆ ಹಿಡಿದಳು. ತಲೆಯಾಡಿಸಿದಳು. ಅದು ಬರಲಿಲ್ಲ. ಒಳಗಿನಿಂದ ಲವಂಗದ ಸೀಸೆ ತಂದುಕೊಟ್ಟೆ. ಅದೂ ಇಲ್ಲ. ಅವಳ ಮುಖ ಬಾಡೀತೆಂದು ಹೆದರಿದೆ. ಅವಳು ಸೀಸೆಗೆ ಮುಚ್ಚಳ ಹಾಕಿ, ನನ್ನ ಕೈಗೆ ಕೊಡದೆ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಒಬ್ರು ಬಂದವ್ರೆ ಮನೆಗೆ. ಮಿಕ್ಕೋರು ದಾರೀಲವ್ರೇನೋ. ನಾಳೆಯಿಂದ ತಟ್ತೀನಿ."

ಆ ಎರಡನೇ ಹೋಳಿನಿಂದಲೇ ಸಾರು ಆಯಿತು. ಅವ್ವ ಕಾಯಿ ಅರೆಯಲು ನನ್ನನ್ನು ಬಿಡಲಿಲ್ಲ. ಮುದ್ದೆ ಕಟ್ಟಿದವಳೂ ಅವಳೇ. ಕುದಿಯುವಾಗ ಸೌಟಿನಲ್ಲಿ ಸಾರು ತೆಗೆದು ಅಪ್ಪನ ಕಡೆ ಚಾಚಿದವಳು, ಅರ್ಧದಲ್ಲೇ ಕೈ ಹಿಂತೆಗೆದು ತಾನೇ ಬಾಯಿಗೆ ಬಿಟ್ಟುಕೊಂಡಳು. ಒಸಿ ಉಪ್ಪು ಬೇಕು ಎಂದಳು. ದವಾವೊದ ಮುದುಕಿಯ ಸಾರಿನಷ್ಟು ಆಳ ಅದಕ್ಕೆ ಬಂದಿರಲಿಲ್ಲ. ಕೋಳಿ ಕಡಿಮೆ ಬೆಂದಿತ್ತು, ನಿಂಬೆಹುಲ್ಲು ಹೆಚ್ಚಾಗಿತ್ತು. ಅವ್ವ ಒಂದು ಮುದ್ದೆ ಮುಗಿಸಿ ಇನ್ನರ್ಧ ಕೇಳಿ ಹಾಕಿಸಿಕೊಂಡಳು. ಮೂವರ ಹಲ್ಲೂ ಕಪ್ಪಾಗಿದ್ದವು. ಇಂಥ ಬಾಯಿ ಹಾಕಿಕೊಂಡು ಸಂಜೆ ಡೇರಿಗೆ ಹಾಲು ಹಾಕಲು ಹೇಗೆ ಹೋಗಲಿ ಎಂದು ಅಪ್ಪ ಗೊಣಗಿದ.

ಕೈ ತೊಳೆದ ಮೇಲೆ ಅವ್ವ ಕೇಳಿದಳು: "ಆ ಮುದ್ಕಿ ಈಗ್ಲೂ ಅಲ್ಲೇ ಅವ್ಳಾ?"

"ಇರ್ಬೋದು."

"ಬ್ಯಾಸ್ಗೆ ರಜಕ್ಕೆ ತೋರ್ಸು. ಕಾಯಿ ಎಷ್ಟೊತ್ತು ಸುಡ್ಬೇಕು ಅಂತ ನಾನೇ ಕೇಳ್ತೀನಿ."

ಅವಳು ಒಳಗೆ ಹೋಗಿ ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿತು. ನಾನು ಅಪ್ಪನ ಟೇಪು ತಂದೆ. ತೆಂಗಿನ ಗುಂಡಿಗಳನ್ನು ಅಳೆಯಲು ಅವನು ಇಟ್ಟುಕೊಂಡಿರುವ ಉದ್ದನೆಯ ಟೇಪು ಅದು. ಮುಂದಿನ ತಿಂಗಳು ಇದೇ ಒಲೆಯ ಮೇಲೆ ಇನ್ನೊಂದು ಹೋಳು ಸುಟ್ಟು, ಅವ್ವನನ್ನು ಜಗಲಿಯಿಂದಾಚೆ, ಆಮೇಲೆ ಬೀದಿಯ ಆಚೆ ಬದಿಯಲ್ಲಿ ಕೂರಿಸಿ ನೋಡಬೇಕು. ಹೋಲಿಸಲು ಇವತ್ತಿನ ಅಳತೆ ಬೇಕು. ಟೇಪಿನ ಒಂದು ತುದಿಯನ್ನು ಅಪ್ಪ ಒಲೆಯ ಹತ್ತಿರ ಹಿಡಿದ. ಇನ್ನೊಂದನ್ನು ನಾನು ಹಿಂಬಾಗಿಲು, ನಡುಮನೆ, ಮುಂಬಾಗಿಲು ದಾಟಿಸಿ ಅವ್ವ ಕೂತಿದ್ದ ಜಾಗದವರೆಗೆ ಎಳೆದುಕೊಂಡು ಬಂದೆ. ಹನ್ನೊಂದು ಮೀಟರ್ ನಲವತ್ತು ಸೆಂಟಿಮೀಟರ್.