ಚಾಕುವಿನ ಹದ

ಅಜ್ಜೀಪುರದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಎತ್ತಿಗೆ ರಜೆ ಅಂದಮೇಲೆ ಯಜಮಾನನಿಗೂ ರಜೆ. ಊರಿನ ಉಳಿದ ಗಂಡಸರು ಆ ದಿನ ಜಗಲಿಯ ಮೇಲೆ ಎಲೆಅಡಿಕೆ ಜಗಿಯುತ್ತ ಕೂತರೆ, ಕೆಂಪನಂಜಪ್ಪ ಮತ್ತವನ ಜೊತೆಗಾರರು ಪಾಳುಬಿದ್ದ ಆಲೆಮನೆಯಲ್ಲಿ ಸೇರಿ ಕಬ್ಬಿಣ ಬಡಿಯುತ್ತಿದ್ದರು. ಹೊಟ್ಟೆಪಾಡಿಗಲ್ಲ, ಬರೀ ಹುಚ್ಚಿಗೆ. ಕೆಂಪನಂಜಪ್ಪ ಬೇಸಾಯದವನು, ಪುಟ್ಟಮಲ್ಲಪ್ಪ ಅಂಗಡಿ ಇಟ್ಟವನು, ಗುರುಪಾದಸ್ವಾಮಿ ಶಾಲೆ ಮೇಷ್ಟ್ರು. ಇನ್ನು ಬಂದುಹೋಗುವವರು ಕೆಲವರು. ಒಬ್ಬನಾದರೂ ಆಚಾರಿಯಲ್ಲ. ಹೆಂಗಸರು ಅದಕ್ಕೆ ‘ಕೆಲಸವಿಲ್ಲದವರ ಕುಲುಮೆ’ ಎಂದು ಹೆಸರಿಟ್ಟಿದ್ದರು. ರೇಷನ್ ಅಕ್ಕಿಗೆ ಸಾಲು ನಿಲ್ಲುವ ಆ ಕಾಲದಲ್ಲಿ, ಯಾರಿಗೂ ಬೇಡದ ಚಾಕು ಮಾಡುವ ಗಂಡಂದಿರನ್ನು ಅವರು ಇನ್ನೇನೆಂದು ಕರೆದಾರು!

ಒಂದೆರಡು ಸಲ ಹನೂರಿಗೆ ಹೋಗಿ ಆಚಾರಿಯ ಕುಲುಮೆ ಮುಂದೆ ಕೂತು ನೋಡಿಕೊಂಡು ಬಂದದ್ದೇ ಇವರ ವಿದ್ಯಾಭ್ಯಾಸ. ಕೇಳಿದ್ದಕ್ಕೆ ಆಚಾರಿ ಹೇಳಿದ. ಕೇಳದ್ದನ್ನು ಅವನಾದರೂ ಯಾಕೆ ಹೇಳಬೇಕು? ಉಳಿದದ್ದನ್ನು ತಮ್ಮತಮ್ಮಲ್ಲೇ ಜಗಳವಾಡಿ ಕಲಿತರು. ಲಾರಿಯ ಮುರಿದ ಕಮಾನು ಪಟ್ಟೆ ತಂದು ಕಾಯಿಸುವುದು, ಬಡಿಯುವುದು, ಅದು ಸೀಳು ಬಿಟ್ಟರೆ ಮುಂದಿನ ಸೋಮವಾರ ಸುತ್ತ ಕೂತು ಯಾಕೆ ಸೀಳಿತು ಎಂದು ವಾದ ಮಾಡುವುದು. ಹಾಗೆ ಕಲಿತದ್ದು ಮರೆಯುವುದಿಲ್ಲ ಅನ್ನುತ್ತಾರೆ. ತಪ್ಪಾಗಿ ಕಲಿತದ್ದೂ ಮರೆಯುವುದಿಲ್ಲ, ಅದನ್ನು ಮಾತ್ರ ಯಾರೂ ಅನ್ನುವುದಿಲ್ಲ.

ಪುಟ್ಟಮಲ್ಲಪ್ಪನ ಮೊದಲ ಚಾಕುವಿನಿಂದ ಕಲಿತದ್ದು ಅಂಥದ್ದೇ. ಅವನ ಹೆಂಡತಿ ಶಂಕರಮ್ಮ ಬದನೆಕಾಯಿಗೆ ಅದನ್ನೇ ಚುಚ್ಚಿ ಕೆಂಡದಲ್ಲಿಟ್ಟು, ಮರೆತು ನೀರಿಗೆ ಹೋದಳು. ಬಂದು ನೋಡಿದರೆ ಅಲಗು ಕೆಂಪಗಾಗಿತ್ತು. ಆರಿದ ಮೇಲೆ ಹೆಬ್ಬೆರಳಲ್ಲಿ ಒತ್ತಿದರೆ ಬಾಯಿ ತಗಡಿನ ಹಾಗೆ ಬಾಗಿತು. ಕೆಂಪಗೆ ಕಾಯಿಸಿ, ಅದ್ದಿ, ಮತ್ತೆ ಮೆಲ್ಲಗೆ ಬೆಂಕಿ ತೋರಿಸಿ ಹುಟ್ಟಿಸಿದ ಗಡಸುತನ, ಇವರು ‘ಹದ’ ಅನ್ನುತ್ತಿದ್ದುದು, ಅಷ್ಟೂ ಹೋಗಿತ್ತು. ಮುಂದಿನ ಸೋಮವಾರ ಆಲೆಮನೆಯಲ್ಲಿ ಎಲ್ಲರೂ ಅದರ ಸುತ್ತ ಕೂತರು. ಕೊನೆಗೆ ಗುರುಪಾದಸ್ವಾಮಿ ಪಾಠ ಹೇಳುವ ದನಿಯಲ್ಲಿ ತೀರ್ಪು ಕೊಟ್ಟರು.

“ಹದ ಕುಡ್ದ ಅಲಗಿಗೆ ಬಿಸಿ ತಾಕಬಾರ್ದು ಕಣ್ರಪ್ಪಾ. ಕೆಂಡ ಆಗ್ಲಿ, ಕುದಿಯೋ ನೀರಾಗ್ಲಿ, ಬಿಸಿ ಬಿಸೀನೇ.”

ಎಲ್ಲರೂ ತಲೆಯಾಡಿಸಿದರು. ಕುದಿಯುವ ನೀರಿಗೆ ಒಂದು ಚಾಕು ಹಾಕಿ ನೋಡೋಣ ಎಂದು ಒಬ್ಬನಿಗೂ ತೋಚಲಿಲ್ಲ. ಹನೂರಿನ ಆಚಾರಿಯನ್ನು ಕೇಳಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಇವರೂ ಬಲ್ಲವರಾಗಿಬಿಟ್ಟಿದ್ದರು. ಅವತ್ತಿನಿಂದ ಅದು ಆಲೆಮನೆಯ ಕಟ್ಟಳೆ.

ಕೆಂಪನಂಜಪ್ಪನ ಹೆಂಡತಿ ಚನ್ನಮಲ್ಲಮ್ಮನಿಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಮೂರನೆಯದು ನಿಂತಿತು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಎಂದಾಯಿತು. ಹೊಕ್ಕುಳು ಕುಯ್ಯುವುದಕ್ಕೆ ತನ್ನ ಕೈಯಾರೆ ಒಂದು ಚಾಕು ಮಾಡಬೇಕೆಂಬ ಆಸೆ ಕೆಂಪನಂಜಪ್ಪನಿಗೆ ಹುಟ್ಟಿದ್ದು ಆಗ. ಹುಲ್ಲು ಕುಯ್ಯುವ ಕುಡುಗೋಲು ತನ್ನ ಮಗುವಿಗೆ ತಾಕಬಾರದು ಅಂದುಕೊಂಡ. ವೀಳ್ಯದೆಲೆಯಷ್ಟುದ್ದದ ಅಲಗು, ಕಮರದ ಮರದ ಹಿಡಿ. ಶ್ರೇಷ್ಠವೆಂದು ಮನೆಯ ಹಸುವಿನ ಗಂಜಳದಲ್ಲೇ ಅದ್ದಿ ಹದ ಕುಡಿಸಿದ. ಸಗಣಿ ಬೂದಿಯಲ್ಲಿ ತಿಕ್ಕಿ ಹೊಳಪು ತಂದ. ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿಟ್ಟ. ಅಂಥ ಅಲಗು ಆಲೆಮನೆಯಲ್ಲಿ ಅದುವರೆಗೆ ಯಾರ ಕೈಯಿಂದಲೂ ಬಂದಿರಲಿಲ್ಲ. ಮುಂಗೈಯ ರೋಮಕ್ಕೆ ತಾಕಿಸಿದರೆ ಸಾಕು, ತಾನಾಗಿ ಉದುರುತ್ತಿತ್ತು.

ಹನೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ನರ್ಸಮ್ಮ ಒಂದು ಹೊಸ ಬ್ಲೇಡನ್ನು ಪೊಟ್ಟಣದ ಸಮೇತ ಕೊಡಲು ಬಂದರು. ಅವನು ಕೈ ಚಾಚಲಿಲ್ಲ. ಚಾಕು ತಂದು ತೋರಿಸಿದ.

“ಇದ್ರಲ್ಲೇ ಕುಯ್ಸ್ತೀವಿ ಕಣಮ್ಮ. ಬ್ಲೇಡು ಗೀಡು ನಮ್ಗೆ ಬ್ಯಾಡ.”

“ಚೆನ್ನಾಗಿದೆ. ಆದ್ರೆ ಅನ್ನ ಬೇಯೋವಷ್ಟು ಹೊತ್ತು ನೀರಲ್ಲಿ ಕುದಿಸಿ ಆಮೇಲೆ ಮುಟ್ಟಬೇಕು. ಮರೀಬೇಡಿ.”

“ಕುದಿಸ್ದೆ ಇದ್ದಾರಾ?” ಎಂದಳು ಚನ್ನಮಲ್ಲಮ್ಮ, ಗಂಡನ ಪರವಾಗಿ. ಕೆಂಪನಂಜಪ್ಪ ಹೂಂ ಎಂದು ತಲೆಯಾಡಿಸಿದ.

ನೋವು ಬಂದದ್ದು ಒಂದು ಬೆಳಿಗ್ಗೆ. ಸೂಲಗಿತ್ತಿ ರಂಗಮ್ಮ ಒಳಗೆ ಸೇರಿಕೊಂಡಳು. ಊರಿನ ಅರ್ಧ ಮಕ್ಕಳನ್ನು ಎತ್ತಿದ ಕೈ ಅವಳದು. ಕೆಂಪನಂಜಪ್ಪನ ತಾಯಿ ಬಸವಮ್ಮ ಹಂಡೆ ತುಂಬ ನೀರು ಕಾಯಿಸಿ ಸೊಸೆಯ ತಲೆದೆಸೆಯಲ್ಲಿ ಕೂತಳು. ಹೊತ್ತೇರುವಾಗ ಮಗುವಿನ ಅಳು ಕೇಳಿತು.

“ಎಣ್ಮಗ ಸಾಮಿ! ಚಾಕು ಕುದ್ಸಿ ಕೊಡಿ,” ರಂಗಮ್ಮ ಒಳಗಿಂದ ಕೂಗಿದಳು.

ಅವನು ಚಾಕು ಹಿಡಿದು ಹಂಡೆಯ ಮುಂದೆ ನಿಂತ. ನೀರು ಕೊತಕೊತ ಕುದಿಯುತ್ತಿತ್ತು. ಹಬೆ ತಾಕಿ ಅಲಗು ಮಂಕಾಯಿತು. ಅವನ ಕಣ್ಣ ಮುಂದೆ ಬಂದದ್ದು ಪುಟ್ಟಮಲ್ಲಪ್ಪನ ಬಾಗಿದ ಚಾಕು. ಕೈ ತಾನಾಗಿ ಹಿಂದಕ್ಕೆ ಬಂತು. ಹದಗೆಟ್ಟ ಅಲಗಿನಲ್ಲಿ ಕುಯ್ದರೆ ಮಗುವಿಗೇ ನೋವಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಅವನು ಕಾಪಾಡಿದ್ದು ಮಗುವನ್ನಲ್ಲ, ಚಾಕುವನ್ನು. ಹೆಗಲ ಮೇಲಿನ ಟವಲಿನಿಂದ ಎರಡು ಸಲ ಒರೆಸಿ, ಹೊಸ್ತಿಲ ಮೇಲಿಟ್ಟ. ಚಾಕುವನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲವಲ್ಲ.

“ಕುದಿಸ್ದೆ. ತಕ್ಕೊ.”

ರಂಗಮ್ಮ ಎತ್ತಿಕೊಂಡು ಅಲಗಿನ ಮೇಲೆ ಬೆರಳಿಟ್ಟು ನೋಡಿದಳು. “ತಣ್ಣಗದೆಯಲ್ಲ ಸಾಮಿ? ಇನ್ನೊಂದ್ಸಲ ನೀರಿಗಾಕ್ಲಾ?”

“ತಣ್ಣೀರಲ್ಲಿ ಅದ್ದಿ ಕೊಟ್ಟಿವ್ನಿ. ನಂಗೇ ಯೋಳ್ಕೊಡಕ್ಕೆ ಬತ್ತೀಯ? ಕುಯ್ಯಿ ಮೊದ್ಲು!”

ಒಂದೇ ಎಳೆತಕ್ಕೆ ಕುಯ್ದಿತು. ಮುಂದಿನ ಸೋಮವಾರ ಆಲೆಮನೆಯಲ್ಲಿ ಚಾಕುವನ್ನು ಎಲ್ಲರೂ ಎತ್ತಿ ನೋಡಿದರು. ಗುರುಪಾದಸ್ವಾಮಿ ಅಲಗನ್ನು ಬಿಸಿಲಿಗೆ ಹಿಡಿದು, “ಭೇಷ್ ಕಣಯ್ಯಾ,” ಅಂದರು. ಕೆಂಪನಂಜಪ್ಪ ಬೆಲ್ಲ ಹಂಚಿದ. ಅವನ ಜೀವಮಾನದಲ್ಲಿ ಅಷ್ಟು ಸುಖದ ದಿನ ಮತ್ತೆ ಬರಲಿಲ್ಲ.

ಅದೇ ದಿನ ಬೈಗಿಗೆ ಮಗು ಮೊಲೆ ಹಿಡಿಯಲಿಲ್ಲ. ತುಟಿ ಬಿಡಿಸಿದರೆ ದವಡೆ ಕಚ್ಚಿಕೊಂಡಿತ್ತು. ಮರುದಿನ ಪಾತ್ರೆ ಸದ್ದಾದರೂ ಸಾಕು, ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಿತ್ತು. ದೇವರ ಬೆಟ್ಟದಿಂದ ಇಳಿದು ಬಂದ ಬಸ್ಸಿನಲ್ಲಿ, ಹರಕೆ ತೀರಿಸಿ ತಲೆ ಬೋಳಿಸಿಕೊಂಡಿದ್ದ ಜನರ ನಡುವೆ ಕೂತು, ಮಗುವನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಒಯ್ದರು. ಬಸ್ಸು ಕುಲುಕಿದಾಗಲೆಲ್ಲ ಮಗು ಸೆಟೆಯಿತು. ಚನ್ನಮಲ್ಲಮ್ಮ ಸೆರಗಿನಿಂದ ಅದರ ಕಿವಿ ಮುಚ್ಚಿ ಹಿಡಿದಿದ್ದಳು.

“ಧನುರ್ವಾಯು. ಹೊಕ್ಕುಳು ಯಾವುದರಲ್ಲಿ ಕುಯ್ದಿರಿ?” ಡಾಕ್ಟರು ಕೇಳಿದರು.

“ನಮ್ಮೋರು ಮಾಡಿದ ಚಾಕು ಸಾ. ಕುದ್ಸೇ ಕೊಟ್ರು,” ಎಂದಳು ಚನ್ನಮಲ್ಲಮ್ಮ.

ಡಾಕ್ಟರು ಕೆಂಪನಂಜಪ್ಪನ ಮುಖ ನೋಡಿದರು. ಅವನು ನೆಲ ನೋಡಿದ. ಸಗಣಿ, ಗಂಜಳ, ಕೊಟ್ಟಿಗೆ ಮಣ್ಣು ತಾಕಿದ ಕಬ್ಬಿಣದಲ್ಲೇ ಈ ರೋಗದ ಬೀಜ ಇರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಪ್ರತಿ ಮಾತೂ ಅವನ ಎದೆಗೇ ಬಂದು ಬಿತ್ತು. ಮಾರನೇ ದಿನ ಮಗು ಹೋಯಿತು. ಹೆಸರು ಕೂಡ ಇಟ್ಟಿರಲಿಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಚಾಕು ಕುದಿಸಿದ್ದಾಗಿದೆ ಎಂದಮೇಲೆ ತಪ್ಪು ಯಾರದು? ಬಸವಮ್ಮನೇ ಮೊದಲು ಬಾಯಿಬಿಟ್ಟಳು. “ಆ ರಂಗೀದು ಕೈಯೇ ಕೊಳಕು. ಹೊಲದಲ್ಲಿ ಕಳೆ ಕೀಳೋ ಕೈನಲ್ಲಿ ಬಂದು ಮಗೀನ ಎತ್ತಿದ್ಲು.” ಮಾತು ಊರೆಲ್ಲ ಹರಡಿತು. ಪುಟ್ಟಮಲ್ಲಪ್ಪನ ಮನೆಯಲ್ಲಿ ಹೆರಿಗೆಯಾದಾಗ ಬೇರೆ ಊರಿಂದ ಸೂಲಗಿತ್ತಿಯನ್ನು ಕರೆಸಿದರು. ಆಮೇಲೆ ಎಲ್ಲರೂ ಹಾಗೇ ಮಾಡಿದರು. ನೀರಿನ ಬಾವಿಯ ಹತ್ತಿರ ರಂಗಮ್ಮ ಎದುರಾದರೆ ಬಸುರಿಯರು ದಾರಿ ಬಿಟ್ಟು ನಡೆದರು. ಚನ್ನಮಲ್ಲಮ್ಮ ಒಂದು ದಿನ ನಡುಬೀದಿಯಲ್ಲಿ ಅವಳ ಕಾಲಬುಡಕ್ಕೆ ಮಣ್ಣು ತೂರಿ ಶಾಪ ಹಾಕಿದಳು. ರಂಗಮ್ಮ ತಲೆ ತಗ್ಗಿಸಿ ಹೋದಳು.

ಕೆಂಪನಂಜಪ್ಪ ಇದನ್ನೆಲ್ಲ ನೋಡಿದ. ಒಂದು ಮಾತಿನಿಂದ ಅವಳನ್ನು ಬಿಡಿಸಬಹುದಿತ್ತು. ಆ ಮಾತು ಆಡಿದರೆ ಹೆಂಡತಿ ತನ್ನ ಮುಖ ನೋಡುವುದು ಅಂದೇ ಕೊನೆ ಎಂದು ಹೆದರಿದ. ಹೇಡಿತನಕ್ಕೆ ಯಾವಾಗಲೂ ಒಂದು ಊರುಗೋಲು ಬೇಕು. ಅವನದು ಇಷ್ಟೇ: ಕುದಿಸಿದ್ದರೆ ಹದ ಹೋಗುತ್ತಿತ್ತು, ನಾನು ಬೇರೆ ಏನು ಮಾಡಬಹುದಿತ್ತು? ಇದನ್ನೇ ಹಿಡಿದುಕೊಂಡು ಒಂದು ಮಳೆಗಾಲ ಕಳೆದ. ಆಲೆಮನೆಗೆ ಹೋಗುವುದನ್ನು ಬಿಟ್ಟ.

ಆ ಊರುಗೋಲೂ ಒಳಗೊಳಗೇ ಗೆದ್ದಲು ಹಿಡಿಯಿತು. ಒಂದು ಸೋಮವಾರ ಮನೆಯಲ್ಲಿ ಯಾರೂ ಇಲ್ಲದಾಗ ಸೂರಿನಿಂದ ಚಾಕು ತೆಗೆದ. ಒಲೆ ಹೊತ್ತಿಸಿ, ಚರಿಗೆ ನೀರಿಟ್ಟು, ಅದರಲ್ಲಿ ಚಾಕು ಹಾಕಿದ. ಅನ್ನ ಬೇಯುವಷ್ಟು ಹೊತ್ತು ಕುದಿಸಿದ. ಸಾಲದೆಂದು ಇನ್ನಷ್ಟು ಸೌದೆ ಒಟ್ಟಿದ. ಹದ ಹೋಗಲಿ ದೇವರೇ, ತಗಡಾಗಲಿ, ಬಾಗಲಿ ಎಂದು ಬೇಡಿಕೊಂಡ. ಆಮೇಲೆ ಇಕ್ಕಳದಲ್ಲಿ ಎತ್ತಿ, ಆರಿಸಿ, ಮುಂಗೈಗೆ ತಾಕಿಸಿದ. ರೋಮ ಮೊದಲಿನ ಹಾಗೆಯೇ ಉದುರಿತು.

ಮತ್ತೆ ತಾಕಿಸಿದ. ಮತ್ತೆ ಉದುರಿತು. ಮುಂಗೈ ಪೂರ್ತಿ ಬೋಳಾಗುವ ತನಕ ಎಳೆಯುತ್ತಲೇ ಇದ್ದ.

“ಈಗ್ಯಾಕೆ ಕುದಿಸ್ತಿದ್ದೀರಿ?”

ಬಾಗಿಲಲ್ಲಿ ಚನ್ನಮಲ್ಲಮ್ಮ ನಿಂತಿದ್ದಳು, ಸೊಂಟದ ಮೇಲೆ ಕೊಡ. ಒಲೆ ನೋಡಿದಳು, ಚರಿಗೆ ನೋಡಿದಳು, ಗಂಡನ ಕೈ ನೋಡಿದಳು.

“ಅವತ್ತು ಕುದಿಸಿರ್ನಿಲ್ವಾ?”

ಅವನು ಎಲ್ಲವನ್ನೂ ಹೇಳಿದ. ಪುಟ್ಟಮಲ್ಲಪ್ಪನ ಚಾಕು, ಮೇಷ್ಟ್ರ ಮಾತು, ಹಬೆ, ಟವಲು. ಅವಳು ಅಳಲಿಲ್ಲ. ಕೊಡ ಇಳಿಸಿ ಕೇಳಿದ್ದು ಒಂದೇ.

“ಈಗ ಹದ ಓಯ್ತಾ?”

“ಇಲ್ಲ.”

“ಏಳಿ. ರಂಗವ್ವನ ಮನೆಗೆ ನಡೀರಿ.”

ಇಬ್ಬರೂ ಬಿಸಿಲಲ್ಲಿ ಬೀದಿಯುದ್ದಕ್ಕೂ ನಡೆದರು, ಅವನು ಮುಂದೆ, ಅವಳು ಹಿಂದೆ. ಆಲೆಮನೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಪುಟ್ಟಮಲ್ಲಪ್ಪ “ಬಾರ್ಲಾ ಕೆಂಪ!” ಎಂದು ಕೂಗಿದ್ದು ಕೇಳಿದರೂ ಅವನು ತಿರುಗಲಿಲ್ಲ. ರಂಗಮ್ಮ ಗುಡಿಸಲ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ಇವರನ್ನು ಕಂಡು ಗಾಬರಿಯಾಗಿ ಎದ್ದಳು. ಕೆಂಪನಂಜಪ್ಪ ಚಾಕುವನ್ನು ಅವಳ ಮುಂದೆ ನೆಲದ ಮೇಲಿಟ್ಟ.

“ನಾನು ಕುದಿಸಿರ್ನಿಲ್ಲ ರಂಗವ್ವ. ಸುಳ್ಳು ಯೋಳ್ದೆ.”

ರಂಗಮ್ಮ ಚಾಕುವನ್ನು ಮುಟ್ಟಲಿಲ್ಲ. ಅವನ ಕಡೆಯೂ ನೋಡಲಿಲ್ಲ. ಹಿಂದೆ ನಿಂತಿದ್ದ ಚನ್ನಮಲ್ಲಮ್ಮನನ್ನೇ ನೋಡುತ್ತ ಹೇಳಿದಳು:

“ಗೊತ್ತಿತ್ತು ಕಣವ್ವಾ. ಕೈಗೆ ತಣ್ಣಗೆ ಸಿಕ್ತಲ್ಲ. ಗೊತ್ತಿದ್ದೂ ಕುಯ್ದೆ.”