ದುಂಡಸಿ ಲೈನು

ತಂತಿ ಗುಂಯ್ ಅನ್ನಾಕತ್ತೈತಿ, ಗಾಳಿಗೋ, ಅದರೊಳಗ ಯಾರರೆ ಮಾತಾಡಾಕತ್ತಾರೋ, ಕಂಬದ ಮ್ಯಾಲ ಕುಂತಾವಗ ಎರಡೂ ಒಂದೇ ನಮೂನಿ ಕೇಳಸ್ತಾವು, ಟೆಲಿಫೋನ್ ಖಾತೇದಾಗ ಲೈನ್‌ಮನ್ ಆಗಿ ಇಪ್ಪತ್ತೆರಡು ವರ್ಷ ಆತು, ಇನ್ನೂ ಗುರ್ತ ಹತ್ತವಲ್ದು — ಮೊಣಕಾಲು ಸೆಟದಾವು, ನಡಕ್ಕ ಬಿಗದ ಬೆಲ್ಟಿನ ಮ್ಯಾಲ ಮೈಭಾರ ಎಲ್ಲಾ ಬಿದ್ದೈತಿ, ಕೆಳಗ ಮೆಣಸಿನಗಿಡದ ಹೊಲ, ಆಚೆ ರಸ್ತೇದಾಗ ದುಂಡಸಿ ಬಸ್ಸು ಶಿಗ್ಗಾಂವ ಕಡೆ ಹೊಂಟೈತಿ, ಡ್ರೈವರ್ ಕೈ ಮಾಡಿದ, ನಾನೂ ಮಾಡ್ದೆ, ಅವಗೇನ ಗೊತ್ತು, ಇವತ್ತ ಫಕ್ಕೀರಪ್ಪ ತಂತಿ ಬಿಗಿಯಾಕ ಏರಿಲ್ಲ, ಕತ್ತರಸಾಕ ಏರ್ಯಾನ ಅಂತ. ಹನ್ನೊಂದಕ್ಕ ಕತ್ತರಸೂದು. ಈಗ ಹತ್ತು ಆಗೇತಿ. ನಿನ್ನೆ ನಮ್ಮ ಎಕ್ಸ್‌ಚೇಂಜಿನ ಇಂಜಿನಿಯರ್ ಪ್ರಾಣೇಶ ಸಾಹೇಬ್ರು ಕಾಗದ ಓದಿ ಹೇಳಿದ್ರು, ಶುಕ್ರವಾರ ಶಿಗ್ಗಾಂವದಾಗ ಆಟೋಮ್ಯಾಟಿಕ್ ಎಕ್ಸ್‌ಚೇಂಜು ಚಾಲೂ ಆಗ್ತದ ಫಕ್ಕೀರಪ್ಪ, ದುಂಡಸಿದು ಹಳೇ ಕೈ ತಿರುವೋ ಫೋನು, ಹೊಸ ಮಷೀನಿಗೆ ಅದು ಹೊಂದೂದಿಲ್ಲ, ಆ ಲೈನು ಬಂದ್ ಮಾಡಿ ತಾಮ್ರದ ತಂತಿ ಸ್ಟೋರಿಗೆ ಹಾಕ್ರಿ ಅಂತ ಬಂದದ. ಮುಂದ ಹಳ್ಳಿಗೋಳಿಗೆ ತಂತಿ ಇಲ್ಲದ ಫೋನು ಬರ್ತಾವಂತ. ಯಾವಾಗ್ರಿ ಅಂದೆ. ಬರ್ತಾವ, ಅಂದ್ರು.

ಎಪ್ಪತ್ತೆರಡರಾಗ ಇದೇ ಖಾತೆ ಹಿಂಗ ಅಂದಿತ್ತು, ಹಳ್ಳಿ ಮೊದಲು, ಊರಿಗೊಂದು ಫೋನು, ಬಾಕಿ ಎಲ್ಲಾ ಹಿಂದ. ಆವಾಗ ನಾ ಹರೇದಾವ, ನೂರಾ ಅರವತ್ತು ಕಂಬ ನಿಲ್ಲಿಸಿದ್ವಿ, ಎರಿಮಣ್ಣಿನ್ಯಾಗ ಗಾಡಿ ಹೂತು ಕಂಬ ಹೆಗಲಮ್ಯಾಲ ಹೊತ್ವಿ, ಈ ತೊಂಬತ್ತೇಳನೇದು ನಾನೇ ನಿಲ್ಲಿಸಿದ್ದು, ಸ್ವಲ್ಪ ಬಡಗಣಕ್ಕ ವಾಲೇತಿ, ಮಂಜವ್ವಗ ತೋರಿಸಿದಾಗ ನಿನ್ನಂಗ ಐತಿ ಅಂದಿದ್ಲು, ಹೆಂಡತಿ ಬಾಯಿ. ಆಮ್ಯಾಲ ಇನ್ನೊಂದು ಕಾಗದ ಬಂತು, ಹಳ್ಳಿ ಇರ್ಲಿ, ಊರಾಗ ನೆಲದಾಗ ಕೇಬಲ್ ಹಾಕ್ರಿ, ಹಾಕಿದ್ವಿ. ಈಗ ಎಂಬತ್ತಾರು, ಈಗ ಮಷೀನು ಮೊದಲು. ತಪ್ಪೇನಿಲ್ಲ, ನಾ ಅದನ್ನ ನೋಡೇನಿ, ಎಕ್ಸ್‌ಚೇಂಜಿನ ಹೊಸ ಖೋಲ್ಯಾಗ ಕಬ್ಬಿಣದ ಕಪಾಟಿನಂಗ ಸಾಲಾಗಿ ನಿಂತೈತಿ, ನಂಬರ್ ತಿರುವಿದ್ರ ಟಕಟಕ ಟಕಟಕ ಅಂತ ತಾನೇ ಮೆಟ್ಟಲಾ ಏರಿ ತಾನೇ ಹುಡಕತೈತಿ, ಕೈ ಕಟಗೊಂಡು ನೋಡ್ಕೋತ ನಿಂತಿದ್ದೆ, ಪ್ರಾಣೇಶ ಸಾಹೇಬ್ರು ಅದರ ಒಂದೊಂದು ಭಾಗದ ಹೆಸರು ಹೇಳೂದು ಕೇಳಬೇಕು, ಅವರಪ್ಪ ಸವಣೂರಾಗ ಸಂಸ್ಕೃತ ಪಂಡಿತ್ರಂತ, ಮಂತ್ರ ಹೇಳಿಧಂಗ ಹೇಳ್ತಾರ, ಒಂದಕ್ಷರ ತಪ್ಪೂದಿಲ್ಲ. ಮೂರು ತಿಂಗಳು ಆ ಖೋಲ್ಯಾಗೇ ಉಂಡು ಅಲ್ಲೇ ಮಲಗ್ಯಾರ. ಕೆಟ್ಟವರಲ್ಲ. ಕಾಗದ ಓದುವಾಗ ಕಣ್ಣು ಎತ್ತಿ ನೋಡ್ಲಿಲ್ಲ, ಅಷ್ಟೇ.

ಗೌಹರ ಬಾಯಾರು ನೋಡಿದ್ರು. ಎಕ್ಸ್‌ಚೇಂಜಿನ ಆಪರೇಟರು, ಫೋನು ಜೋಡಸೋ ಬೋರ್ಡಿನ ಮುಂದ ಕುಂತಾವ್ರು, ತಲಿಮ್ಯಾಲ ಸೆರಗು, ಅದರ ಮ್ಯಾಲ ಕರೇ ಹೆಡ್‌ಫೋನು, ಹದಿಮೂರು ವರ್ಷದಿಂದ ನಾ ಅವರನ್ನ ನೋಡಿದ್ದು ಹಂಗೇ. ಉಳಿದ ಆಪರೇಟರಗೋಳು ಬ್ಯಾರೆ ಕಡೆ ಹೋದ್ರು, ಬಾಯಾರಿಗೂ ಆರ್ಡರ್ ಬಂದೈತಿ, ಸೋಮವಾರ ಹುಬ್ಬಳ್ಳಿಗೆ ಹಾಜರಾಗಬೇಕು, ಅದು ಅವರು ಬೇಡ್ಕೊಂಡಿದ್ದು, ಯಜಮಾನ್ರು ನಿಯಾಜ ಸಾಹೇಬ್ರು ಹುಬ್ಬಳ್ಳಿ ರೈಲ್ವೆದಾಗ ಅದಾರ, ಎಂಟು ವರ್ಷ ಆತು ಗಂಡ ಹೆಂಡತಿ ಐತವಾರಕ್ಕೊಮ್ಮೆ ನೋಡಾಕತ್ತು. ಆರ್ಡರ್ ಬಂದ ದಿನ ಬೋರ್ಡಿನ್ಯಾಗ ಎಲ್ಲಾರಿಗೂ ಹೇಳಿದ್ರು, ದವಾಖಾನಿಯವರಿಗೆ, ಬಂಕಾಪುರದ ಆಪರೇಟರಗ, ದನಿಯೊಳಗೇ ನಗು ಕೇಳಿಸ್ತಿತ್ತು. ಅಂಥಾವ್ರು ಇವತ್ತ ಮುಂಜಾನೆ ನಾ ಸೈಕಲ್ ತಗೀವಾಗ ಬಾಗಲಕ್ಕ ಬಂದು, ಫಕ್ಕೀರಣ್ಣ, ಹನ್ನೊಂದರ ತನಕ ಕತ್ತರಸಬ್ಯಾಡ್ರಿ, ನಿಮ್ಮ ಕೈಫೋನು ತಂತಿಗೆ ಹಚ್ಚಿ ಇಟ್ಕೋರಿ, ಅಂದ್ರು. ಯಾಕ್ರಿ ಅಂದೆ. ಬುಧವಾರ ಐತಿ, ಅಂದ್ರು. ಅಷ್ಟೇ. ಈಗ ಹಚ್ಚೇನಿ, ಎರಡು ತುದಿ ಎರಡು ತಂತಿಗೆ, ಲೈನ್ ತಪಾಸು ಮಾಡೋ ಆ ಫೋನು ಕಿವಿಗೆ, ಈ ಲೈನಿನ್ಯಾಗ ಯಾರು ಏನ ಮಾತಾಡಿದ್ರೂ ನನಗ ಕೇಳಸ್ತೈತಿ, ಕೇಳಬಾರದು, ರೂಲ್ ಐತಿ, ಆದ್ರ ಬಾಯಾರು ಹೇಳ್ಯಾರ. ಎಕ್ಸ್‌ಚೇಂಜಿನ ಖೋಲಿ ಸಪ್ಪಳ ಬರಾಕತ್ತೈತಿ, ಫ್ಯಾನ್ ತಿರಗೂದು, ಕುರ್ಚಿ ಎಳದದ್ದು. ಬಾಯಾರ ದನಿ ದೂರದಿಂದ — ಸಾಹೇಬ್ರ, ಒಂದ ತಾಸು ನೀವ ಕುಂಡ್ರಿ ಇಲ್ಲೆ, ಇದನ್ನ ಕಿವಿಗೆ ಹಾಕ್ಕೋರಿ, ನಾ ಬಾಜೂಕ ನಿಲ್ತೇನಿ. ನನಗ ಕೆಲಸ ಅದ ಗೌಹರಬಾಯಿ. ಗೊತ್ತೈತ್ರಿ, ಒಂದ ತಾಸು. ಆಮ್ಯಾಲ ಬರಬರ ಸಪ್ಪಳ, ಆಮ್ಯಾಲ ಹತ್ತರದಾಗ, ನನ್ನ ಕಿವ್ಯಾಗೇ, ಗಂಡಸಿನ ಉಸಿರು.

ಕರ್ರ್ ಅಂತ ಘಂಟಿ, ದುಂಡಸಿ ಪೋಸ್ಟಾಫೀಸಿನ ಶಿದ್ಲಿಂಗಪ್ಪ ಮಾಸ್ತರ ಕೈ, ಅವರು ತಿರುವೂದು ನನಗ ಗೊತ್ತು, ಎರಡು ಉದ್ದ ಒಂದು ಗಿಡ್ಡ. ಬಾಯಾರ, ಪರಮೇಶಪ್ಪನ ಎಮ್ಮಿ ನಸುಕಿನಿಂದ ಒದ್ದಾಡಾಕತ್ತೈತಿ, ಕರ ಅಡ್ಡ ಸಿಕ್ಕೈತಿ, ದನದ ಡಾಕ್ಟರಿಗೆ ಹೇಳ್ರಿ. ಸಾಹೇಬ್ರು ಗಾಬರಿಯಾದ್ರು ಕಾಣಸ್ತೈತಿ, ಯಾ ನಂಬರ್, ಯಾ ನಂಬರ್. ಹದಿನಾಲ್ಕು, ಅಂದ್ರು ಬಾಯಾರು, ಆ ಪಿನ್ನು ಅಲ್ಲೆ ಹಾಕ್ರಿ, ಈಗ ಒತ್ರಿ. ಘಂಟಿ ಹೋಗಾಕತ್ತು, ಹೋತು, ಹೋತು, ಯಾರೂ ಎತ್ತವಲ್ರು. ಯಾರೂ ಇಲ್ಲಂತ ಹೇಳ್ಲೇನು? ಮಷೀನ್ ಇದ್ರ ಇಲ್ಲಿಗೆ ಮುಗೀತೈತ್ರಿ ಸಾಹೇಬ್ರ, ಈಗ ಗಡಿಯಾರ ನೋಡ್ರಿ, ಹತ್ತೂಕಾಲು, ಬುಧವಾರ ಡಾಕ್ಟರ್ ಬಂಕಾಪುರಕ್ಕ ಹೋಗ್ತಾರ, ಬಂಕಾಪುರ ಹಚ್ರಿ. ಬಂಕಾಪುರದ ಆಪರೇಟರ ಈಗ ಹೋದ್ರು ನೋಡ್ರಿ ಅಂದ, ಮೋಟರಸೈಕಲ್ ಮ್ಯಾಲ. ಸಾಹೇಬ್ರು ಉಸಿರು ಬಿಟ್ರು. ಹಂಗಾದ್ರ ಎಷ್ಟೊತ್ತಿಗೆ ಶಿಗ್ಗಾಂವ ಮುಟ್ತಾರ? ಅವರು ಸೀದಾ ಮುಟ್ಟೂದಿಲ್ರಿ, ಹಾದ್ಯಾಗ ಬಾಬಾಜಾನನ ಪೆಟ್ರೋಲ್ ಬಂಕಿನ್ಯಾಗ ಚಾ ಕುಡೀತಾರ, ಮೂವತ್ತೊಂದು ಹಾಕ್ರಿ. ಬಾಬಾಜಾನ ಎತ್ತಿದ, ಇನ್ನೂ ಬಂದಿಲ್ರಿ, ತಡೀರಿ ತಡೀರಿ, ಬಂದ್ರು, ಗಾಡಿ ನಿಲ್ಸಾಕತ್ತಾರ. ಡಾಕ್ಟರ್ ಬಂದು, ಯಾರೂ ಕೈ ಹಚ್ಚಬ್ಯಾಡ್ರಿ, ಕರ ಎಳೀಬ್ಯಾಡ್ರಿ, ನಾ ಹಿಂಗಿಂದ ಹಿಂಗೇ ಬರ್ತೇನಿ ಅಂದ್ರು. ಶಿದ್ಲಿಂಗಪ್ಪ ಮಾಸ್ತರು ಹೂಂ ಹೂಂ ಅಂತ ಹೊರಗಿದ್ದವರಿಗೆ ಒದರಿ ಹೇಳಿದ್ರು. ಐದು ನಿಮಿಷ ಆಗಿಲ್ಲ. ಕಂಬದ ಮ್ಯಾಲ ಕುಂತು ನನಗ ನಗು ಬಂತು, ಹದಿಮೂರು ವರ್ಷ ಇದು ದಿನಾ ನಡದೈತಿ, ತಂತಿ ಎಳದಾವ ನಾನು, ಒಳಗ ಏನ ಹರೀತೈತಿ ಅಂತ ನನಗೇ ಗೊತ್ತಿದ್ದಿಲ್ಲ.

ಮತ್ತ ಘಂಟಿ. ಈ ಸಲ ಹೆಂಗಸು, ದೂರ ನಿಂತಾವ್ರಿಗೆ ಕೂಗಿಧಂಗ, ಗೌಹರವ್ವಾ, ನಾ ದಾನವ್ವ, ನನ್ನ ಮಗಳಿಗೆ ಹಚ್ಚು. ಸಾಹೇಬ್ರು ಮೆತ್ತಗ, ಯಾವ ನಂಬರ್ರಿ ಅಂದ್ರು. ನೀ ಯಾರಪಾ, ನಂಬರ್ ನನಗೇನ ಗೊತ್ತು, ಶಾರವ್ವ ಅಂತ ಹೆಸರು, ಹಿರೇಕೆರೂರಾಗ ಅದಾಳ. ಬಾಯಾರು ಸಾಹೇಬ್ರಿಗೆ ಹೇಳೂದು ಕೇಳಿಸ್ತು, ಶಾರವ್ವ ಅಲ್ಲೆ ದವಾಖಾನ್ಯಾಗ ನರ್ಸ್ರಿ, ಬುಧವಾರ ಹತ್ತೂವರಿಗೆ ನನ್ನ ಫೋನಿಗೆ ಕಾಯ್ಕೋತ ಕುಂತಿರ್ತಾಳ, ಇದು ಬಾಯಾರೇ ಕಟ್ಟಿದ ಏರ್ಪಾಡು, ಯಾ ಕಾಗದದಾಗೂ ಬರದಿಲ್ಲ. ಹಾವೇರಿ ಮ್ಯಾಲ ಸುತ್ತಿ ಸುತ್ತಿ ಲೈನು ಸಿಕ್ಕಿತು. ಅವ್ವಾ ಉಂಡೀ. ಉಂಡೆ, ನೀ. ನಾನೂ. ಕಾಲನೋವು ಹೆಂಗೈತಿ. ಐತಿ. ಮುಲಾಮು ಹಚ್ಕೊಂಡೀ. ಮುಗದೈತಿ. ಬಸ್ಸಿನ್ಯಾಗ ಕಳಸ್ತೇನಿ. ಹೂಂ. ಇಷ್ಟೇ, ಮೂರು ನಿಮಿಷದಾಗ ಎರಡು ನಿಮಿಷ ಸುಮ್ಮ ಇದ್ರು, ತಾಯಿ ಮಗಳು ಒಬ್ಬರ ಉಸಿರು ಒಬ್ಬರು ಕೇಳ್ಕೋತ. ಪಿನ್ನು ಕಿತ್ತದ್ದು ಕೇಳಿಸ್ತು. ಆಮ್ಯಾಲ ಫ್ಯಾನಿನ ಸಪ್ಪಳ ಒಂದೇ. ಹನ್ನೊಂದಾತು, ದುಂಡಸಿ ಸಾಲ್ಯಾಗ ಘಂಟಿ ಹೊಡದ್ರು, ಇಕ್ಕಳ ನನ್ನ ಕೈಯಾಗೇ ಐತಿ, ತಂತಿಗೆ ಒಯ್ಯವಲ್ಲೆ.

ಗೌಹರಬಾಯಿ, ಅಂದ್ರು ಸಾಹೇಬ್ರು, ಹತ್ತು ಲೈನಿನ ಸಣ್ಣ ಬೋರ್ಡು ಮೂಲ್ಯಾಗ ಇಡಬಹುದು, ಹೊಸಾ ಮಷೀನಿಗೆ ಜೋಡಸ್ಲಿಕ್ಕೆ ಬರ್ತದ, ದುಂಡಸಿ ಹಿಡದು ನಾಲ್ಕು ಹಳ್ಳಿ ಉಳೀತಾವ, ಮ್ಯಾಲಿನವರಿಗೆ ನಾ ಬರೀತೇನಿ, ನನ್ನ ಹೆಸರಿಲೇ ಬರೀತೇನಿ. ಆದ್ರ ಕುಂಡ್ರವ್ರು ಬೇಕಲ್ಲ. ನೀವು ಇದ್ರ ಇಡ್ತೇನಿ. ಹೂಂ ಅನಬ್ಯಾಡ್ರಿ ಬಾಯಾರ ಅನಿಸ್ತು ನನಗ, ಅನ್ರಿ ಅಂತನೂ ಅನಿಸ್ತು, ಐತವಾರದ ಬಸ್ಸು ಕಣ್ಣ ಮುಂದ ಬಂತು, ಡಬ್ಬಿ ಹಿಡಕೊಂಡು ಸ್ಟ್ಯಾಂಡಿನ್ಯಾಗ ನಿಂತ ಬಾಯಾರು. ಆಮ್ಯಾಲ ಬಾಯಾರು, ನಾ ಹೋಗಬೇಕ್ರಿ ಸಾಹೇಬ್ರ, ಎಂಟು ವರ್ಷ ಆತ್ರಿ, ಅದನ್ನ ಮುಚ್ಚಿ ಇಡೂದಿಲ್ಲ ನಾ. ಮಷೀನೂ ಬೇಕ್ರಿ, ಚೊಲೊ ಐತಿ. ಆದ್ರ ಈ ಲೈನೂ ಇರಬೇಕು. ಎರಡು ತಿಂಗಳ ನಿಲ್ತೇನಿ, ಕಲಿಸಿ ಹೋಗ್ತೇನಿ. ಯಾರಿಗೆ? ಈಗ ಕಂಬದ ಮ್ಯಾಲ ಕುಂತು ಕೇಳಾಕತ್ತಾರಲ್ರಿ, ಅವರಿಗೆ. ಇಕ್ಕಳ ಜಾರಿ ಮೆಣಸಿನ ಗಿಡದಾಗ ಬಿತ್ತು. ಬಾಯಾರ ದನಿ ನಿಲ್ಲಲಿಲ್ಲ, ಮೊಣಕಾಲು ಕೆಟ್ಟಾವು, ಕಂಬ ಏರಬಾರದು ಅಂತ ದವಾಖಾನಿ ಡಾಕ್ಟರ್ ಬರಕೊಟ್ಟು ವರ್ಷ ಆತ್ರಿ ಅವರಿಗೆ, ಹೇಳಿದ್ರ ವಾಚ್‌ಮನ್ ಮಾಡ್ತಾರ ಅಂತ ಚೀಟಿ ಕಿಸೇದಾಗೇ ಇಟ್ಕೊಂಡಾರ, ಮಂಜವ್ವ ನನಗ ಹೇಳ್ಯಾಳ. ಹೌದೇನ್ರಿ ಫಕ್ಕೀರಣ್ಣ, ಕೇಳಸ್ತೈತೇನು? ಕೇಳಸ್ತೈತ್ರಿ ಬಾಯಾರ, ಅಂದೆ, ದನಿ ಗಾಳ್ಯಾಗ ಹೋತೋ ತಂತ್ಯಾಗ ಹೋತೋ. ಹಂಗಾದ್ರ ಇಳ್ಕೊಂಡು ಬರ್ರಿ, ಅಂದಾವ್ರು ಸಾಹೇಬ್ರು.

ಸೈಕಲ್ ಹೆಂಗ ತುಳದ್ನೋ, ಒಂದೊಂದು ಕಂಬ ಹಿಂದ ಹೋತು, ಎಲ್ಲಾವೂ ನಿಂತಾವು ಅಂತ ಎಣಿಸ್ಕೋತ ಬಂದೆ, ಖೋಲ್ಯಾಗ ಸಾಹೇಬ್ರು ಆಗಲೇ ಟೇಪು ಹಿಡಕೊಂಡು ಮೂಲಿ ಅಳೀತಿದ್ರು, ಎಮ್ಮಿ ಈದೈತಂತ್ರಿ, ಹೆಣ್ಣುಗರ, ಅಂದ್ರು, ಪರೀಕ್ಷೆ ಪಾಸಾದವರಂಗ ಮುಖ. ಬಾಯಾರು ಎದ್ದು ಕುರ್ಚಿ ಬಿಟ್ರು. ಬ್ಯಾಡ್ರಿ ಬಾಯಾರ, ನಾ ಕಂಬದಾವ, ನನಗ ಮಾತು ಬರೂದಿಲ್ಲ. ಮಾತು ಬ್ಯಾಡ್ರಿ, ಕೇಳೂದು ಬಂದ್ರ ಸಾಕು. ತಾವ ಎರಡೂ ಕೈಲೆ ಹೆಡ್‌ಫೋನು ತಗದು ನನ್ನ ಟೊಪಗಿ ಸರಿಸಿ ಕಿವಿಗೆ ಇಟ್ರು, ಬೆಚ್ಚಗಿತ್ತು, ಅವರ ಕಿವಿದು, ಹದಿಮೂರು ವರ್ಷದ್ದು, ಇನ್ನೂ ಆರಿದ್ದಿಲ್ಲ, ಒಳಗ ಯಾರೋ ಹಲೋ ಅನ್ನಾಕತ್ತಾರ, ಹೇಳಬೇಕು, ಶಿಗ್ಗಾಂವ ಎಕ್ಸ್‌ಚೇಂಜು ಅನ್ನಬೇಕು, ಬಾಯಾರು ಕಣ್ಣಿಲೇ ಅನ್ರಿ ಅನ್ನಾಕತ್ತಾರ, ಅಂತೇನಿ, ತಡೀರಿ, ಅಂತೇನಿ, ಬಲಗಿವಿ ಬೆಚ್ಚಗೈತಿ, ಬೆಚ್ಚಗ —