ಎರಡೂ ಬಲಗೈ ತೋಳು

ಕತ್ತರಿ ಅಕ್ಕ ಎರಡು ತೋಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದಳು. ತಿರುಗಿಸಿ ನೋಡಿದಳು. ಅಯ್ಯೋ, ಎರಡೂ ಬಲಗೈಯವೇ! ಬಟ್ಟೆ ಕಡಿಮೆಯಿತ್ತೆಂದು ಒಂದೊಂದೇ ತೋಳು ಕತ್ತರಿಸಿದ್ದಳು. ಎರಡನೆಯದಕ್ಕೆ ಅಳತೆಯ ಕಾಗದ ಮಗುಚಿ ಇಡುವುದೇ ಮರೆತುಹೋಗಿತ್ತು. ಹೊಲಿಗೆ ಕಲಿಯಲು ಬಂದ ಹುಡುಗಿಯರು ಮಾಡುವ ತಪ್ಪು. ಉಳಿದ ಚೂರಿನಲ್ಲಿ ಒಂದು ಜೇಬೂ ಆಗದು. ಅದೂ ಯಾರ ಕೋಟು? ಹೆತ್ತ ಮಗಳದ್ದು. ಸೋಮವಾರ ಹೊಸ ಕೆಲಸಕ್ಕೆ ಹಾಕಿಕೊಂಡು ಹೋಗಬೇಕಾದದ್ದು.

ಬೀದಿಗೆಲ್ಲ ಅವಳು ಕತ್ತರಿ ಅಕ್ಕ. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ. ಈಗೀಗ ಆ ಬಾಯಿಗೆ ಮಾತೇ ಸಿಗುವುದಿಲ್ಲ. "ಅದೇ... ಅದೇನದು... ಕೆಳಗಡೆ ದಾರ ಹಾಕ್ತೀವಲ್ಲ..." ಎಂದು ತಡವರಿಸುತ್ತಾಳೆ. ಬಾಬಿನ್ ಎಂಬ ಮಾತು ನೆನಪಾಗುವಷ್ಟರಲ್ಲಿ ಗಿರಾಕಿ ಗಡಿಯಾರ ನೋಡುತ್ತಿರುತ್ತಾರೆ. ಕೂತರೆ ಏಳಬೇಕು, ಎದ್ದರೆ ಯಾಕೆ ಎದ್ದೆನೋ ಗೊತ್ತಿಲ್ಲ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಇನ್ನೊಂದನ್ನಂತೂ ಯಾರಿಗೂ ಹೇಳಿರಲಿಲ್ಲ. ಕೆಲಸ ಸಿಕ್ಕಿತೆಂದು ಮಗಳು ಓಡಿ ಬಂದು ತಬ್ಬಿಕೊಂಡಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಎದುರುಮನೆಯ ಕಿಟಕಿಯಲ್ಲಿ ಯಾರೋ ಯಾರನ್ನೋ ತಬ್ಬಿಕೊಂಡ ಹಾಗಿತ್ತು. "ಸರಿ, ಕೈಕಾಲು ತೊಳ್ಕೋ" ಎಂದುಬಿಟ್ಟಳು. ಹುಡುಗಿಯ ಮುಖ ಸಣ್ಣಗಾಯಿತು. "ಅಮ್ಮನಿಗೆ ನಾನೇ ಬೇಡವಾಗಿದೀನಿ" ಎಂದು ಅಜ್ಜಿಯ ಹತ್ತಿರ ಅತ್ತದ್ದೂ ಇವಳ ಕಿವಿಗೆ ಬಿದ್ದಿತ್ತು. ಎಂಥ ತಾಯಿ ನಾನು ಎಂದು ಒಳಗೊಳಗೇ ಕೊರಗುತ್ತಿದ್ದಳು.

ತೋಳುಗಳನ್ನು ಮೂಲೆಗೆ ಎಸೆದು, ಪಕ್ಕದ ಬೀದಿಯ ಟೈಲರಿಗೆ ಫೋನ್ ಮಾಡಿದಳು. "ಮೆಷಿನ್ ಬೇಕು ಅಂತಿದ್ರಲ್ಲ, ಸಂಜೆ ಬಂದು ತಗೊಂಡು ಹೋಗಿ."

ಫೋನ್ ಇಡುವುದಕ್ಕೂ, ಯೂನಿಫಾರಂಗೆ ಜಿಪ್ ಹಾಕಿಸಲು ಆಸ್ಪತ್ರೆಯ ನರ್ಸಮ್ಮ ಒಳಗೆ ಬರುವುದಕ್ಕೂ ಸರಿಹೋಯಿತು.

"ಏನಕ್ಕಾ, ಮೆಷಿನ್ ಮಾರ್ತೀಯಾ? ತಲೆ ಕೆಟ್ಟಿದೆಯಾ?"

"ಕೆಟ್ಟಿದೆ ಕಣೆ, ಅದಕ್ಕೇ ಮಾರ್ತಿರೋದು!" ಎಂದವಳೇ ಕತ್ತರಿ ಅಕ್ಕ ಎಲ್ಲವನ್ನೂ ಕಕ್ಕಿಬಿಟ್ಟಳು. ತೋಳಿನ ಕಥೆ, ಮಗಳ ಕಥೆ, ಎಲ್ಲ.

ನರ್ಸಮ್ಮ ಕೇಳಿಸಿಕೊಂಡು, "ಮುಟ್ಟು ಸರಿಯಾಗಿ ಬರ್ತಿದೆಯಾ?" ಎಂದಳು.

"ಮುಟ್ಟಿಗೂ ತೋಳಿಗೂ ಎಲ್ಲಿಂದೆಲ್ಲಿಯ ಸಂಬಂಧ? ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬೆಂಕಿ. ನಿದ್ದೆ ಅಂತೂ ನನ್ನ ಮನೆ ದಾರೀನೇ ಮರೆತಿದೆ."

ಮೂಲೆಯಲ್ಲಿ ಗುಂಡಿ ಬೇರ್ಪಡಿಸುತ್ತಿದ್ದ ಅತ್ತೆ ಮೂಗು ಮುರಿದಳು. "ಮುಟ್ಟು ಎಲ್ಲಾ ಹೆಂಗಸರಿಗೂ ನಿಲ್ಲುತ್ತಮ್ಮಾ. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಯಾರು ಆಸ್ಪತ್ರೆಗೆ ಓಡ್ತಿದ್ರು? ಇವಳಿಗೆ ಕೆಲಸದ ಮೇಲೆ ಗಮನ ಇಲ್ಲ, ಅಷ್ಟೇ."

"ಆ ಗಮನವೇ ನಿಲ್ಲಲ್ಲ ಅಜ್ಜಿ. ಮುಟ್ಟು ನಿಲ್ಲೋ ಕಾಲದಲ್ಲಿ ಹಾರ್ಮೋನು ಏರುಪೇರಾಗುತ್ತೆ. ನಿದ್ದೆ ಕೆಡುತ್ತೆ, ತಲೆಗೆ ಮಂಜು ಕವಿದ ಹಾಗಾಗುತ್ತೆ, ಮಾತು ಮರೆಯುತ್ತೆ. ಕೆಲವರಿಗೆ ಮನೆಯವರೂ ಪರಕೀಯರ ಥರ ಕಾಣ್ತಾರೆ. ಹೆಚ್ಚಿನವರಿಗೆ ಬರ್ತಾ ಬರ್ತಾ ಸರಿಹೋಗುತ್ತೆ."

"ನನಗೆ ಮರೆವಿನ ಕಾಯಿಲೆ ಬಂದಿದ್ರೆ?"

"ಈ ವಯಸ್ಸಿಗೆ ಅದು ತೀರಾ ಅಪರೂಪ ಅಕ್ಕ. ಆದ್ರೂ ಡಾಕ್ಟರ್ ನೋಡ್ಲಿ. ರಕ್ತ ಕಡಿಮೆ ಇದ್ರೂ, ಥೈರಾಯ್ಡ್ ಇದ್ರೂ, ಮನಸ್ಸು ಕುಗ್ಗಿದ್ರೂ ಹೀಗಾಗುತ್ತೆ. ಪರೀಕ್ಷೆ ಮಾಡಿ, ನಿನಗೆ ಹೊಂದೋ ಚಿಕಿತ್ಸೆ ಅವರೇ ಹೇಳ್ತಾರೆ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೆ ಒಂದು ಸಲಕ್ಕೆ ಒಂದೇ ಕೆಲಸ ಇಟ್ಕೋ. ಕತ್ತರಿ ಹಾಕೋ ಮುಂಚೆ ಸೀಮೆಸುಣ್ಣದಲ್ಲಿ ಎಡ, ಬಲ ಅಂತ ಗುರುತು ಮಾಡು. ದಿನಾ ಸ್ವಲ್ಪ ನಡಿ, ಸಂಜೆ ಮೇಲೆ ಕಾಫಿ ಬಿಡು. ಮಗಳ ಹತ್ತಿರ ಬಾಯಿ ಬಿಟ್ಟು ಹೇಳು."

ಅತ್ತೆಯ ಕೈ ಗುಂಡಿಗಳ ನಡುವೆ ನಿಂತುಹೋಗಿತ್ತು.

"ನೀನು ಈ ಮನೆಗೆ ಬಂದ ಹೊಸದರಲ್ಲಿ ನಾನು ನಿನ್ನ ಜೊತೆ ಮಾತೇ ಆಡ್ತಿರಲಿಲ್ಲ, ನೆನಪಿದೆಯಾ?"

"ಮರೆಯೋಕಾಗುತ್ತಾ ಅತ್ತೆ? ನಿಮಗೆ ನಾನು ಇಷ್ಟ ಇಲ್ಲ ಅಂತ ಬಚ್ಚಲಲ್ಲಿ ಕೂತು ಅಳ್ತಿದ್ದೆ."

"ನೀನೇನು ಮಾಡಿದ್ದೆ ಪಾಪ! ನನಗೆ ಯಾರೂ ಬೇಡವಾಗಿದ್ರು ಕಣೇ. ಹೆತ್ತ ಮಗನೂ. ನನಗೂ ಆಗ ಮುಟ್ಟು ನಿಲ್ತಿತ್ತು. ಸಿಡುಕುಮೋರೆ ಅತ್ತೆ ಅಂತ ಎಲ್ಲರೂ ಆಡ್ಕೊಂಡ್ರು. ಏನಾಗಿದೆ ಅಂತ ಒಬ್ಬರೂ ಕೇಳಲಿಲ್ಲ." ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ಟೈಲರು ಬಂದಾಗ ಬಾಗಿಲಿಗೆ ಅಡ್ಡ ನಿಂತವಳೂ ಅವಳೇ. "ಯಾವ ಮೆಷಿನ್ನಪ್ಪಾ? ಬೇಕಾದ್ರೆ ನನ್ನನ್ನೇ ತಗೊಂಡು ಹೋಗು. ಹಳೇದು, ಸದ್ದು ಜಾಸ್ತಿ." ಅವನು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದ.

ಮಗಳು ಬಂದ ಮೇಲೆ ಕತ್ತರಿ ಅಕ್ಕ ಎರಡು ತೋಳನ್ನೂ ಅವಳ ಮುಂದೆ ಹಿಡಿದಳು.

"ಪುಟ್ಟೀ, ನಿನ್ನ ಕೋಟು ಹಾಳು ಮಾಡಿದೆ. ಅವತ್ತು ನೀನು ತಬ್ಬಿಕೊಂಡಾಗ ನನಗೇನೂ ಅನ್ನಿಸಲೇ ಇಲ್ಲ. ಅದು ನಿನ್ನ ತಪ್ಪಲ್ಲ. ನನಗೆ ಹುಷಾರಿಲ್ಲ. ನಾಳೆ ಆಸ್ಪತ್ರೆಗೆ ಹೋಗ್ತಿದೀನಿ."

ಮಗಳು ತೋಳುಗಳನ್ನು ನೋಡಿದಳು, ಅಮ್ಮನನ್ನು ನೋಡಿದಳು. "ನನ್ನ ಎಡಗೈ ಏನು ಪಾಪ ಮಾಡಿತ್ತಮ್ಮಾ?" ಎಂದು ನಗಲು ಹೋಗಿ ಅತ್ತೇಬಿಟ್ಟಳು. "ತೋಳೇ ಬೇಡ ಬಿಡು. ತೋಳಿಲ್ಲದ ಕೋಟೇ ಹೊಲಿ. ನಾಳೆ ನಾನೂ ಬರ್ತೀನಿ." ಮತ್ತೆ ಅಮ್ಮನನ್ನು ತಬ್ಬಿಕೊಂಡಳು. ಎಲ್ಲ ಮೊದಲಿನಂತೆ ಆಗಿಬಿಡಲಿಲ್ಲ. ಆದರೆ ಈ ಸಲ ಚೂರು ಅನ್ನಿಸಿತು. ಅಷ್ಟಕ್ಕೇ ಕತ್ತರಿ ಅಕ್ಕನ ಕಣ್ಣು ತುಂಬಿತು.

ಅಕ್ಕಂದಿರೇ, ಮುಟ್ಟು ನಿಲ್ಲುವ ಕಾಲದಲ್ಲಿ ತಲೆ ಮಂಕಾದರೆ, ನಮ್ಮವರೇ ದೂರವಾದಂತೆ ಅನ್ನಿಸಿದರೆ ಮುಚ್ಚಿಡಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಅನ್ನಿಸಿದರಂತೂ ಒಂದು ಗಳಿಗೆಯೂ ಕಾಯಬೇಡಿ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮನೆಯ ಗಂಡಸರೇ, ಮಕ್ಕಳೇ, ನಿಮ್ಮ ಮನೆಯಲ್ಲೂ ಒಬ್ಬಳು ಸಿಡುಕುಮೋರೆ ಇರಬಹುದು. ಇವತ್ತು ಅವಳ ಪಕ್ಕ ಕೂತು, "ಏನಾಗ್ತಿದೆ?" ಎಂದು ಕೇಳಿ. ಆ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.